ಗುಬ್ಬಿ ಇಲ್ಲಿದ್ದಾಳೆ

ಅಕ್ಕನಿಗೆ ಯಂತ್ರ ಅಂದರೆ ಅಷ್ಟಕ್ಕಷ್ಟೇ. ಮಿಕ್ಸಿ ಹಾಕುವಾಗಲೂ ಒಂದು ಹೆಜ್ಜೆ ಹಿಂದೆ ಸರಿದು, ಕೈ ಉದ್ದಕ್ಕೆ ಚಾಚಿ ಗುಂಡಿ ತಿರುಗಿಸುವ ಹೆಂಗಸು. ಅಂಥವಳೂ ಸಹಪಾಠಿಯನ್ನು ಹೊಗಳಿ ಅಟ್ಟಕ್ಕೇರಿಸಿದ್ದಳು ಅಂದರೆ ಅದು ಎಷ್ಟು ನಯವಾಗಿ ಒಳಗೆ ಬಂದಿರಬೇಕು, ನೀವೇ ಯೋಚನೆ ಮಾಡಿ.

ಸಹಪಾಠಿ ಅಂದರೆ ಮನುಷ್ಯರಲ್ಲ. ಇಂಟರ್ನೆಟ್ ನೋಡುವ ಬ್ರೌಸರಿಗೆ ಅಂಟಿಸಿಕೊಳ್ಳುವ ಒಂದು ಆಡ್-ಆನ್. ಇನ್ನೂ ಪ್ರಯೋಗದಲ್ಲಿದೆ, ಪುಕ್ಕಟೆ ಕೊಡುತ್ತೇವೆ, ಬಳಸಿ ನೋಡಿ ಅಂತ ಯಾವುದೋ ಕಂಪನಿಯವರು ಬಿಟ್ಟಿದ್ದರು. ಹನುಮಂತನ ಬಾಲದಷ್ಟು ಉದ್ದದ ಷರತ್ತುಗಳಿದ್ದವು. ಅಕ್ಕ ಅದನ್ನು ಬೆರಳಲ್ಲಿ ಸರ್ರನೆ ಕೆಳಗೆ ಜಾರಿಸಿ, ಕೊನೆಯಲ್ಲಿದ್ದ 'ಒಪ್ಪಿದೆ' ಅನ್ನುವುದನ್ನು ಒತ್ತಿದಳು. ಓದಿ ಒತ್ತಿದವರು ಯಾರಾದರೂ ಇದ್ದರೆ ಮುಂದೆ ಬರಲಿ, ಕೈ ಮುಗಿಯುತ್ತೇನೆ. ಪಾಸ್‌ವರ್ಡ್ ಬೇಡ, ನೆನಪಿಟ್ಟುಕೊಳ್ಳುವ ಕಾಟ ಇಲ್ಲ, ನಾಲ್ಕು ಸಾಲು ಟೈಪ್ ಮಾಡಿದರೆ ಸಾಕು, ನಿಮ್ಮನ್ನು ಗುರುತು ಹಿಡಿಯುತ್ತೇವೆ ಅಂದಿದ್ದರು. ಅವಳಿಗೆ ಬೇಕಾಗಿದ್ದೂ ಅದೇ.

ಅವಳದ್ದು ಟೈಪ್ ಮಾಡುವ ಕೆಲಸ. ಡಾಕ್ಟರುಗಳು ರೋಗಿಯನ್ನು ನೋಡಿ ಕಳಿಸಿದ ಮೇಲೆ ಫೋನಿನಲ್ಲಿ ಗೊಣಗಿ ಇಡುತ್ತಾರಲ್ಲ, ಆ ಗೊಣಗಾಟವನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಬೇಕು, ಅಕ್ಷರಕ್ಕಿಳಿಸಬೇಕು. ಕಾಲ ಕೆಳಗಿನ ಪೆಡಲು ಒತ್ತಿದರೆ ದನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಒಬ್ಬ ಡಾಕ್ಟರಂತೂ ಬಾಯಿ ತುಂಬ ಏನೋ ಇಟ್ಟುಕೊಂಡೇ ಮಾತಾಡುವುದು. ಅವರು ಹೇಳಿದ್ದು ಮಾತ್ರೆಯ ಹೆಸರೋ, ರೋಗಿಯ ಹೆಸರೋ ತಿಳಿಯದೆ ಅಕ್ಕ ತಲೆ ಚಚ್ಚಿಕೊಳ್ಳುತ್ತಿದ್ದಳು. ಸಹಪಾಠಿ ಬಂದ ಮೇಲೆ ಆ ಕಷ್ಟ ಹೋಯಿತು. ಮಾತ್ರೆಯ ಹೆಸರು ಹುಡುಕಲು ಯಾವುದೇ ಪುಟ ತೆರೆದರೂ ಅವಳಿಗೆ ಬೇಕಾದ ಸಾಲಿನ ಕೆಳಗೆ ಒಂದು ಹಳದಿ ಗೆರೆ ಬಿದ್ದಿರುತ್ತಿತ್ತು. ಆಫೀಸಿನದು ಸಾಲದು ಅಂತ ಮನೆಯ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿಕೊಂಡಳು.

"ನೋಡೇ ಪುಟ್ಟಿ, ನಾನು ಓದೋಕೆ ಮುಂಚೆ ಇದು ಓದಿ ಮುಗಿಸಿರುತ್ತೆ," ಅಂತ ತಂಗಿಗೆ ತೋರಿಸಿದಳು.

"ನನಗೆ ಮಾತ್ರ ಅದು ಏನೂ ಮಾಡಿಕೊಡಲ್ಲ ಅಕ್ಕ. ನಾನು ಕೂತರೆ ಹೊಸಬರಾ, ಪರಿಚಯ ಮಾಡಿಕೊಳ್ಳಿ ಅನ್ನುತ್ತೆ," ಅಂದಳು ತಂಗಿ.

"ನೀನು ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ಬೆರಳಲ್ಲಿ ಕುಟ್ಟಿದರೆ ಅದಕ್ಕೂ ಬೇಜಾರಾಗಲ್ವಾ," ಅಂದುಬಿಟ್ಟಳು ಅಕ್ಕ. ಅಂದ ಮರುಕ್ಷಣ ನಾಲಿಗೆ ಕಚ್ಚಿಕೊಂಡಳು.

ಯಾಕೆ ಅಂದರೆ ತಂಗಿಯ ಬಲಗೈ ಹಾಗಾದದ್ದು ಅವಳ ಗಂಡನಿಂದ. ಆ ಮಹಾನುಭಾವ ಒಂದು ದಿನವೂ ದನಿ ಎತ್ತಿದವನಲ್ಲ, ಕೈ ಎತ್ತಿದವನಲ್ಲ. ಎಲ್ಲಿದ್ದೆ, ಯಾರ ಜೊತೆ ಇದ್ದೆ, ಫೋನ್ ಎತ್ತೋಕೆ ಯಾಕೆ ತಡ ಆಯ್ತು ಅಂತ ಮೆಲ್ಲಗೆ ಕೇಳುತ್ತಿದ್ದ, ಅಷ್ಟೆ. ಉತ್ತರ ಕೊಟ್ಟರೆ ಮುಖ ನೋಡುತ್ತಿರಲಿಲ್ಲ. ಫೋನ್ ತೆಗೆದು ಅದರಲ್ಲಿ ತಾಳೆ ನೋಡುತ್ತಿದ್ದ. ಹೆಂಡತಿ ಹೇಳಿದ್ದಕ್ಕಿಂತ ಅದು ಹೇಳಿದ್ದೇ ಅವನಿಗೆ ನಿಜ. ಒಮ್ಮೆ ಅವಳು ಗೆಳತಿಯ ಮನೆಗೆ ಓಡಿಹೋಗಿದ್ದಳು. ಅವನು ಬಂದು ಮೆಟ್ಟಿಲ ಮೇಲೆ ಕೂತ. ಬೈಯಲಿಲ್ಲ, ಬಾಗಿಲು ಬಡಿಯಲಿಲ್ಲ. ಹೋಗಿ ಬರುವವರಿಗೆಲ್ಲ ನಗುತ್ತ, ದಿನಗಟ್ಟಲೆ ಕೂತ. ಕೊನೆಗೆ ಮನೆ ಮಾಲೀಕರಿಗೇ ಸಾಕಾಗಿ ಅವಳನ್ನು ಕಳಿಸಿ ಅಂದರು. ಎರಡನೇ ಸಲ ಹೊರಟಾಗ ಅವಳ ಕೈ ಬಾಗಿಲ ಸಂದಿಯಲ್ಲಿತ್ತು, ಅವನು ಬಾಗಿಲು ಹಾಕಿದ. ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋದ. ಪ್ಲಾಸ್ಟರ್ ಹಾಕುವಾಗ ಪಕ್ಕದಲ್ಲಿ ನಿಂತು, ಎಲ್ಲಿಗೆ ಹೊರಟಿದ್ದೆ ಅಂತ ಮೆಲ್ಲಗೆ ಕೇಳುತ್ತಲೇ ಇದ್ದ. ಬೆರಳುಗಳು ಸೊಟ್ಟಗೆ ಕೂಡಿಕೊಂಡವು.

ಮೂರನೇ ಸಲ ಅವಳು ತಪ್ಪಿಸಿಕೊಂಡಳು. ಮೊದಲು ದೂರದ ಒಂದು ಹಾಸ್ಟೆಲಿನಲ್ಲಿದ್ದಳು. ಆಗ ಮಹಾನುಭಾವ ಅಕ್ಕನ ಮನೆಗೆ ಬಂದು, ಅಪ್ಪಣೆ ಕೇಳಿ, ಚಪ್ಪಲಿ ಬಿಟ್ಟು ಒಳಗೆ ಬಂದು, ಬೀರುವಿನ ಬಾಗಿಲನ್ನೂ ತೆಗೆದು ನೋಡಿ ಹೋಗಿದ್ದ. ಹುಡುಕಿ ಬಿಟ್ಟ ಜಾಗಕ್ಕೆ ಮತ್ತೆ ಬರಲಾರ ಅಂತ ಲೆಕ್ಕ ಹಾಕಿ ಅಕ್ಕ ತಂಗಿಯನ್ನು ತನ್ನ ಹಿಂದಿನ ಕೋಣೆಯಲ್ಲಿ ತಂದಿಟ್ಟುಕೊಂಡಳು. ಸ್ವಲ್ಪ ದಿನ ಇಲ್ಲಿರಲಿ, ಆಮೇಲೆ ಬೇರೆ ಊರಲ್ಲಿ ಒಂದು ರೂಮು, ಒಂದು ಕೆಲಸ. ಇನ್ನೊಂದು ಸಲ ಅವನ ಕೈಗೆ ಸಿಕ್ಕರೆ ತಂಗಿ ಉಳಿಯುವುದಿಲ್ಲ ಅಂತ ಅಕ್ಕನಿಗೆ ಅನುಮಾನವೇ ಇರಲಿಲ್ಲ.

ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಅಕ್ಕ ಹುಡುಕುತ್ತಿದ್ದದ್ದೂ ಅದನ್ನೇ. ಮುರಿದ ಬೆರಳಿಗೆ ಯಾವ ವ್ಯಾಯಾಮ ಅಂತ ಒಂದು ಪುಟ ತೆರೆದಳು. 'ನೋವಿದ್ದರೂ ದಿನಾ ತಪ್ಪದೆ ಮಾಡಿ' ಅನ್ನುವ ಸಾಲಿನ ಕೆಳಗೆ ಹಳದಿ ಗೆರೆ ಬಿತ್ತು. ಎಷ್ಟು ಕಾಳಜಿ ನೋಡು ಇದಕ್ಕೆ ಅಂದುಕೊಂಡಳು. ಶಿಶುವಿಹಾರದ ಕೆಲಸದ ಜಾಹೀರಾತು ತೆರೆದಳು. ಅಲ್ಲಿ ಸಂಬಳಕ್ಕೆ ಗೆರೆ ಬೀಳಲಿಲ್ಲ. 'ಬೆಳಗ್ಗೆ ಬೇಗ ಬಂದು ಒಬ್ಬರೇ ಬೀಗ ತೆಗೆಯಬೇಕು' ಅನ್ನುವುದಕ್ಕೆ ಬಿತ್ತು. ಅಕ್ಕನಿಗೆ ಯಾಕೋ ಮನಸ್ಸು ಕಿರಿಕಿರಿಯಾಯಿತು. ಬಾಡಿಗೆ ರೂಮು ಒಂದನ್ನು ತೆರೆದಳು. ಒಳ್ಳೆ ಗಾಳಿ ಬೆಳಕು, ನೀರಿನ ಅನುಕೂಲ, ಹತ್ತಿರದಲ್ಲೇ ಅಂಗಡಿ. ಗೆರೆ ಎಲ್ಲೂ ಇಲ್ಲ. ಅವಳು ಕಾದಳು. ಅವಳು ನೋಡುತ್ತಿದ್ದ ಹಾಗೇ, ಬರೆಯುವವನ ಕೈ ಸಾಲಿನುದ್ದಕ್ಕೂ ಸರಿದಂತೆ, ಹಳದಿ ಬಣ್ಣ ನಿಧಾನವಾಗಿ ಎಡದಿಂದ ಬಲಕ್ಕೆ ಹರಿಯಿತು.

'ಹಿಂಬಾಗಿಲು ಇಲ್ಲ.'

ಅಕ್ಕ ಅರ್ಧಕ್ಕೇ ಊಟ ಬಿಟ್ಟಳು. ಡಬ್ಬಿ ಮುಚ್ಚಿ ಕೆಲಸಕ್ಕೆ ಕೂತಳು. ಯಂತ್ರದ ತಪ್ಪು, ಪ್ರಯೋಗದಲ್ಲಿದೆ ಅಂತ ಅವರೇ ಹೇಳಿದ್ದಾರಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಪೆಡಲು ಒತ್ತಿ ನಾಲ್ಕು ಸಾಲು ಟೈಪ್ ಮಾಡಿದ್ದಳೋ ಇಲ್ಲವೋ, ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ಮೂಡಿತು.

'ಬಾ ಗುಬ್ಬಿ. ಇಷ್ಟು ದಿನ ಎಲ್ಲಿದ್ದೆ?'

ತವರಿನಲ್ಲಿ ತಂಗಿ ಪುಟ್ಟಿ. ಹೊರಗಿನವರು ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಗುಬ್ಬಿ ಅಂತ ಇಡೀ ಪ್ರಪಂಚದಲ್ಲಿ ಕರೆಯುತ್ತಿದ್ದವನು ಒಬ್ಬನೇ. ಡಾಕ್ಟರು ಕಿವಿಯಲ್ಲಿ ಯಾರದೋ ಮೂತ್ರಪಿಂಡದ ವಿಷಯ ಹೇಳುತ್ತಲೇ ಇದ್ದರು.

ಅವಳು ನೆಟ್ಟಗೆ ಟೋಪಿಯ ಹತ್ತಿರ ಹೋದಳು. ಟೋಪಿ ಅಂದರೆ ಆಫೀಸಿನ ಕಂಪ್ಯೂಟರು ನೋಡಿಕೊಳ್ಳುವವನು. ಪಾಪ, ಯಾರಿಗೂ ಟೋಪಿ ಹಾಕುವವನಲ್ಲ, ಬರೀ ಹಾಕಿಕೊಳ್ಳುವವನು. ಅವನು ಅವಳ ಕುರ್ಚಿಯಲ್ಲಿ ಕೂತು ಅಲ್ಲಿ ಇಲ್ಲಿ ಒತ್ತಿ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನು ಟೋಪಿ ತೆಗೆದದ್ದನ್ನು ಅವಳು ಕಂಡದ್ದು ಅದೇ ಮೊದಲು.

"ಪಾಸ್‌ವರ್ಡ್ ಬೇಡ ಅಂತ ಖುಷಿಪಟ್ರಲ್ಲ ಅಕ್ಕ, ಅದರ ಬದಲು ಇದು ನಿಮ್ಮ ಕೈ ನೋಡುತ್ತೆ. ಯಾವ ಅಕ್ಷರದಿಂದ ಯಾವ ಅಕ್ಷರಕ್ಕೆ ಎಷ್ಟು ಬೇಗ ಹೋಗ್ತೀರ, ಎಲ್ಲಿ ನಿಲ್ತೀರ, ಎಷ್ಟು ಹೊತ್ತು ಒತ್ತಿ ಹಿಡೀತೀರ, ಎಲ್ಲ. ಅದನ್ನ ನೋಡಿ ಇವರು ಇಂಥವರು ಅಂತ ತೀರ್ಮಾನ ಮಾಡುತ್ತೆ. ನಿಮ್ಮನ್ನ ಈ ಗುಬ್ಬಿ ಅನ್ನೋರು ಅಂದ್ಕೊಂಡಿದೆ. ಇವರು ಮೊದಲೇ ಇದರಲ್ಲಿ ಇದ್ದೋರು. ಇಲ್ಲಿ ನೋಡಿ, ಮನೆಯವರು ಅಂತ ಇನ್ನೊಬ್ಬರಿದ್ದಾರೆ. ಗುಬ್ಬಿ ಓದಿದ್ದೆಲ್ಲ ಅವರಿಗೂ ಕಾಣುತ್ತೆ."

"ಮತ್ತೆ ಈ ಹಳದಿ ಗೆರೆ?"

"ಮೊದಮೊದಲು ಅದೇ ಹಾಕಿರುತ್ತೆ. ಆಮೇಲೆ ಹಾಕಿರೋದು ಅವರು. ಇದು ಜೊತೆಯಲ್ಲಿ ಓದೋದಕ್ಕೆ ಅಂತಲೇ ಮಾಡಿರೋದು, ಅದಕ್ಕೇ ಸಹಪಾಠಿ ಅಂತ ಹೆಸರು. ಅಷ್ಟೇ ಅಲ್ಲ ಅಕ್ಕ, ಗುಬ್ಬಿ ಎಲ್ಲಿ ಕೂತು ಟೈಪ್ ಮಾಡ್ತಿದ್ದಾರೆ ಅಂತಾನೂ ತೋರಿಸುತ್ತೆ. ಯಾವ ಬೀದಿ, ಯಾವ ಕಟ್ಟಡ, ಎಲ್ಲ."

"ತೆಗೆದುಹಾಕು. ಈಗಲೇ ಕಿತ್ತುಹಾಕು."

"ಕೀಳಬಹುದು. ಆದರೆ ಕೊನೇ ಸಲ ಎಲ್ಲಿದ್ರು ಅನ್ನೋದು ಅವರ ಹತ್ತಿರ ಹಾಗೇ ಉಳಿಯುತ್ತೆ." ಅವನು ಮತ್ತೆ ಪರದೆ ನೋಡಿದ. "ನನಗೆ ಅರ್ಥ ಆಗದೇ ಇರೋದು ಒಂದೇ. ಇಬ್ಬರ ಕೈ ಇಷ್ಟು ಒಂದೇ ಥರ ಇರೋಕೆ ಸಾಧ್ಯವೇ ಇಲ್ಲ."

ಅವನಿಗೆ ಅರ್ಥವಾಗದಿದ್ದದ್ದು ಅಕ್ಕನಿಗೆ ಆಗಲೇ ಆಗಿಹೋಗಿತ್ತು. ಅವರಪ್ಪ ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದರು. ಹೊರಗಿನ ಮಕ್ಕಳಿಗೆ ಸುಮ್ಮನೆ ಪಾಠ, ಸ್ವಂತ ಮಕ್ಕಳಿಗೆ ಮಾತ್ರ ಶಿಕ್ಷೆ. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ಕೈ ಮೇಲೆ ಬಟ್ಟೆ ಮುಚ್ಚಿ, ತಾವು ಸ್ಕೇಲಿನಲ್ಲಿ ಮೇಜು ತಟ್ಟುತ್ತಿದ್ದರು. ಎರಡು ಯಂತ್ರದ ಸದ್ದು ಒಂದೇ ಯಂತ್ರದ್ದು ಅನ್ನುವ ಹಾಗೆ ಕೇಳಬೇಕು. ವಾಕ್ಯ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಕೈ ಎತ್ತಿ, ಒಂದು ಉಸಿರು ಬಿಟ್ಟು, ಮತ್ತೆ ಇಳಿಸಬೇಕು. ಒಬ್ಬಳು ಹಿಂದೆ ಬಿದ್ದರೆ ಇಬ್ಬರಿಗೂ ಮೊದಲಿಂದ. ವರ್ಷಗಟ್ಟಲೆ ಹೀಗೆ ನಡೆದ ಮೇಲೆ ಅಪ್ಪ ಪಕ್ಕದ ಕೋಣೆಯಲ್ಲಿ ಕೂತು, ಈಗ ಟೈಪ್ ಮಾಡುತ್ತಿರುವುದು ದೊಡ್ಡವಳೋ ಚಿಕ್ಕವಳೋ ಹೇಳಲು ಬಾರದೆ ನಗುತ್ತಿದ್ದರು. ಅದು ಅವರಿಗೆ ಹೆಮ್ಮೆ.

ಅಪ್ಪನಿಗೇ ತಿಳಿಯದ ವ್ಯತ್ಯಾಸ ಈ ಯಂತ್ರಕ್ಕೆ ಎಲ್ಲಿಂದ ತಿಳಿಯಬೇಕು? ಮಹಾನುಭಾವನ ಮನೆಯ ಕಂಪ್ಯೂಟರಿನಲ್ಲಿ ಸಹಪಾಠಿ ಕಲಿತಿದ್ದದ್ದು ತಂಗಿಯ ಹಳೇ ಕೈ. ಆ ಕೈಯನ್ನು ಅವನೇ ಬಾಗಿಲಿಗೆ ಕೊಟ್ಟು ಮುರಿದಿದ್ದ. ಈಗ ಆ ಕೈ ಅಂತ ಈ ಭೂಮಿಯ ಮೇಲೆ ಉಳಿದಿದ್ದದ್ದು ಅಕ್ಕನ ಹತ್ತಿರ ಮಾತ್ರ.

ಕಂಪನಿಗೆ ಬರೆದು ನೋಡಿದ ಟೋಪಿ. ನಿಮ್ಮ ಅನುಭವ ಹಂಚಿಕೊಂಡದ್ದಕ್ಕೆ ಧನ್ಯವಾದ, ಪ್ರಯೋಗದಲ್ಲಿ ಭಾಗವಹಿಸುವ ನಿಮ್ಮಂಥವರೇ ನಮಗೆ ಆಸ್ತಿ ಅಂತ ಉತ್ತರ ಬಂತು. ಅವರ ಆಸ್ತಿಗೆ ಬೆಂಕಿ ಹಾಕ. ಅಕ್ಕ ತಲೆನೋವು ಅಂತ ಹೇಳಿ ಚೀಲ ತೆಗೆದುಕೊಂಡು ಹೊರಬಿದ್ದಳು.

ಎದುರಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಹಾನುಭಾವ ಕೂತಿದ್ದ.

ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಅಂಗೈಯಲ್ಲಿ ಫೋನು. ಅವನು ತಲೆ ಎತ್ತಿ ಅವಳನ್ನು ನೋಡಿದ. ಮದುವೆಯಲ್ಲಿ ಅವಳ ಕಾಲಿಗೆ ಬಿದ್ದವನು, ಅವಳ ಬೀರು ತೆಗೆದು ನೋಡಿದವನು. ಅವನ ಕಣ್ಣು ಕಂಬವನ್ನು ದಾಟಿದ ಹಾಗೆ ಅವಳನ್ನು ದಾಟಿ ಹೋಯಿತು. ಮತ್ತೆ ಫೋನು ನೋಡಿದ. ಆಫೀಸಿನ ಕಿಟಕಿಗಳನ್ನು ಒಂದೊಂದಾಗಿ ನೋಡಿದ. ಸಣ್ಣಗೆ ನಗುತ್ತಿದ್ದ.

ಮನೆಗೆ ಬಂದರೆ ತಂಗಿ ಕೋಣೆಯ ಮೂಲೆಯಲ್ಲಿ ನೆಲಕ್ಕೆ ಕೂತಿದ್ದಳು.

"ಅಕ್ಕ, ಬೆಳಗ್ಗೆ ಅವರು ನಮ್ಮ ಬೀದೀಲಿದ್ರು. ಎದುರುಗಡೆ ಕಟ್ಟೆ ಮೇಲೆ. ನೀನು ಹೋದ ಮೇಲೆ ಎದ್ದು ಹೋದ್ರು."

ಅಕ್ಕನಿಗೆ ನೆನಪಾಯಿತು. ಬೆಳಗ್ಗೆ ಅವಳು ಲ್ಯಾಪ್‌ಟಾಪ್ ತೆಗೆದು ಬಸ್ಸಿನ ವೇಳೆ ನೋಡಿದ್ದಳು. ಆಫೀಸಿಗೆ ಹೋಗಿ ಟೈಪ್ ಮಾಡಲು ಕೂತಾಗ ಅವನೂ ಅಲ್ಲಿಗೆ ಬಂದಿದ್ದ. ಅವನು ಹಿಂಬಾಲಿಸುತ್ತಿದ್ದದ್ದು ಪರದೆಯ ಮೇಲಿನ ಚುಕ್ಕೆಯನ್ನು. ಆ ಚುಕ್ಕೆ ಅವಳೇ. ಆಫೀಸಿನ ಚುಕ್ಕೆ ಈಗ ಸುಮ್ಮನಾಗಿತ್ತು. ಇನ್ನು ಇವತ್ತೋ ನಾಳೆಯೋ ಅವನು ಈ ಬಾಗಿಲಿಗೇ ಬರುತ್ತಾನೆ.

ಪೊಲೀಸರ ವಿಷಯ ಕೇಳಲೇಬೇಡಿ. ಅಲ್ಲಿಗೂ ಫೋನ್ ಮಾಡಿದ್ದಾಯಿತು. ಬೆಂಚಿನ ಮೇಲೆ ಕೂತವನನ್ನು ಏನಂತ ಹಿಡಿಯೋದಮ್ಮ, ಹೆಂಡತೀನ ಹುಡುಕೋದು ತಪ್ಪಾ ಅಂತ ಕೇಳಿದರು.

ಅಕ್ಕ ಅವತ್ತು ಲ್ಯಾಪ್‌ಟಾಪ್ ಮುಟ್ಟಲಿಲ್ಲ. ತಂಗಿಯನ್ನು ಪಕ್ಕ ಕೂರಿಸಿಕೊಂಡು ತಲೆ ಸವರಿದಳು.

"ಪುಟ್ಟಿ, ನಾಳೆ ಬೆಳಗ್ಗೆ ನಾನು ಈ ಲ್ಯಾಪ್‌ಟಾಪ್ ತಗೊಂಡು ಊರಿನ ಆ ಕಡೆ ಹೋಗ್ತೀನಿ. ನಾನು ಟೈಪ್ ಮಾಡ್ತಾ ಇರೋವರೆಗೂ ಅವನು ನನ್ನ ಸುತ್ತಮುತ್ತಾನೇ ಇರ್ತಾನೆ. ನೀನು ಹೊರಟುಬಿಡು."

"ಎಲ್ಲಿಗೆ? ಆ ಶಿಶುವಿಹಾರಕ್ಕಾ?"

"ನಾನು ನೋಡಿರೋ ಊರು ಯಾವುದೂ ಬೇಡ. ಎಲ್ಲಾ ಅವನು ಓದಿದ್ದಾನೆ. ಬಸ್ ನಿಲ್ದಾಣಕ್ಕೆ ಹೋಗಿ ನಿನಗೆ ತೋಚಿದ ಬಸ್ಸು ಹತ್ತು."

"ಹೋಗಿ ಎಲ್ಲಿದ್ದೀನಿ ಅಂತ ಹೇಳ್ತೀನಿ."

"ಬೇಡ ಕಣೇ. ನನಗೆ ಹೇಳಬೇಡ. ಹೇಳಿದರೆ ನಿನ್ನ ಯೋಚನೇಲೇ ಎಲ್ಲೋ ಒಂದು ಕಡೆ ಆ ಊರಿನ ಹೆಸರು ಟೈಪ್ ಮಾಡಿಬಿಡ್ತೀನಿ. ಹತ್ತಿದ ಮೇಲೆ ಹತ್ತಿದೆ ಅಂತ ಒಂದು ಮಾತು ಕಳಿಸು, ಸಾಕು."

ತಂಗಿ ಅತ್ತಳು. ಅಕ್ಕನೂ ಅತ್ತಳು, ಯಾಕೆ ಸುಳ್ಳು ಹೇಳಲಿ. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಕೂಸು. ಇನ್ನು ಅದು ಎಲ್ಲಿದೆ ಅಂತ ಗೊತ್ತಿಲ್ಲದೆ ಬದುಕಬೇಕು.

ಊರಿನ ಆ ಕಡೆಯ ತುದಿಯಲ್ಲಿ ಸಾರ್ವಜನಿಕ ವಾಚನಾಲಯ ಇದೆ. ಎತ್ತರದ ಮಾಡು, ಉದ್ದನೆಯ ಮೇಜುಗಳು, ಹಗಲಿನಲ್ಲೂ ಉರಿಯುವ ಟ್ಯೂಬ್‌ಲೈಟು. ಅಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತು, ಬಾಗಿಲು ಕಾಣುವ ಹಾಗೆ ಲ್ಯಾಪ್‌ಟಾಪ್ ತೆರೆದು ಟೈಪ್ ಮಾಡಲು ಶುರುಮಾಡಿದಳು. ಚೌಕ ಮೂಡಿ ನಿನ್ನೆಯ ಹಾಗೇ 'ಬಾ ಗುಬ್ಬಿ' ಅಂದಿತು. ಏನು ಟೈಪ್ ಮಾಡುವುದು? ಬಾಯಿಗೆ ಬಂದದ್ದು. ಹಳೇ ಡಾಕ್ಟರುಗಳ ಗೊಣಗಾಟ, ಅಪ್ಪ ಕೊಡುತ್ತಿದ್ದ ಅಭ್ಯಾಸದ ಸಾಲುಗಳು, ಬೆಳಗ್ಗೆ ತಿಂದದ್ದು. ಸ್ವಲ್ಪ ಹೊತ್ತಿಗೆ ಅವಳು ಬರೆದದ್ದರ ಕೆಳಗೇ ಹಳದಿ ಬಣ್ಣ ಹರಿಯತೊಡಗಿತು. ಅವಳ ಹಿಂದೆ ಹಿಂದೆಯೇ, ಒಂದು ಸಾಲಿನ ಅಂತರದಲ್ಲಿ. ಆಮೇಲೆ ಅರ್ಧ ಸಾಲು. ಆಮೇಲೆ ಅವಳು ಅಕ್ಷರ ಒತ್ತಿದ ಕೂಡಲೇ ಅದು ಹಳದಿಯಾಗತೊಡಗಿತು. ಅಕ್ಕ ಕೈ ನಿಲ್ಲಿಸಲಿಲ್ಲ.

ಅವನು ಬಂದ. ಬಾಗಿಲಲ್ಲಿ ನಿಂತು ಫೋನು ನೋಡಿದ. ಒಳಗೆ ಓದುತ್ತಿದ್ದವರು ಕೆಲವೇ ಮಂದಿ. ಪೇಪರು ಹಿಡಿದ ಮುದುಕರು, ಇಬ್ಬರು ಹುಡುಗಿಯರು, ಕೌಂಟರಿನಲ್ಲಿ ಕೂತು ತೂಕಡಿಸುವ ವಾಚನಾಲಯದ ಮೇಲ್ವಿಚಾರಕಿ. ಅವನು ಮೇಜುಗಳ ಸಾಲಿನುದ್ದಕ್ಕೂ ನಡೆದು, ಒಬ್ಬೊಬ್ಬರ ಹಿಂದೆಯೂ ಒಂದು ಗಳಿಗೆ ನಿಂತು, ಫೋನು ನೋಡಿ, ಮುಂದೆ ಹೋದ. ಕಪಾಟುಗಳ ಸಂದಿಯಲ್ಲಿ ಇಣುಕಿದ. ಒಂದು ಕಪಾಟಿನ ಪುಸ್ತಕಗಳನ್ನು ಮೆಲ್ಲಗೆ ಸರಿಸಿ ಅದರ ಹಿಂದೆಯೂ ನೋಡಿದ. ಅಕ್ಕನ ಎದುರಿಗೇ ಎರಡು ಸಲ ಹಾದುಹೋದ.

"ಇಲ್ಲೇ ಇದ್ದಾಳೆ," ಅಂತ ತನ್ನಷ್ಟಕ್ಕೆ ಹೇಳಿಕೊಂಡ. "ಇಲ್ಲೇ ಇದ್ದಾಳೆ ಅನ್ನುತ್ತಲ್ಲ."

ಅಕ್ಕನ ಫೋನು ಮೇಜಿನ ಮೇಲೆ ಒಮ್ಮೆ ನಡುಗಿತು. ಒಂದೇ ಮಾತು. 'ಹತ್ತಿದೆ.'

ಅಮ್ಮಾ ಅಂತ ಒಳಗೊಳಗೇ ಅಂದುಕೊಂಡು ಅಕ್ಕ ಕೀಲಿಗಳಿಂದ ಕೈ ತೆಗೆದಳು. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದ ಹಾಗಾಯಿತು. ಇನ್ನು ಲ್ಯಾಪ್‌ಟಾಪ್ ಮುಚ್ಚಿ, ಎದ್ದು, ಮನೆಗೆ ಹೋಗಿ ಮಲಗಿಬಿಡಬೇಕು ಅಂದುಕೊಂಡಳು.

ಹೆಜ್ಜೆ ಸದ್ದು ನಿಂತಿತು. ಅವನು ಫೋನಿನಿಂದ ಕಣ್ಣೆತ್ತಿ, ಅವಳ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದ ಎರಡು ಕೈಗಳನ್ನು ನೋಡುತ್ತಿದ್ದ. ಅವಳ ಮುಖ ನೋಡಲಿಲ್ಲ. ಬಂದು ಎದುರಿನ ಕುರ್ಚಿಯನ್ನು ಸದ್ದಾಗದ ಹಾಗೆ ಎಳೆದುಕೊಂಡು ಕೂತ. ಫೋನನ್ನು ಅವಳಿಗೂ ಕಾಣುವ ಹಾಗೆ ಮೇಜಿನ ಮೇಲಿಟ್ಟ. ಚುಕ್ಕೆ ಮಂಕಾಗಿತ್ತು.

"ಯಾಕೆ ನಿಲ್ಲಿಸಿದೆ ಗುಬ್ಬಿ?" ಅಂದ ಮೆಲ್ಲಗೆ. "ಬರಿ."

ಅಕ್ಕ ಬಾಯಿ ತೆರೆದಳು. ನಾನು ಅವಳಲ್ಲ, ಕಣ್ಣು ಬಿಟ್ಟು ನೋಡು, ನಾನು ಅವಳ ಅಕ್ಕ. ಇಷ್ಟು ಹೇಳಿದರೆ ಆಯಿತು. ಹೇಳಿದರೆ ಇವನು ನಂಬುತ್ತಾನೋ ಇಲ್ಲವೋ ಗೊತ್ತಿಲ್ಲ. ನಂಬಿದರೆ ಕುರ್ಚಿ ಹಿಂದೆ ಸರಿಸಿ ಎದ್ದು ಹೊರಡುತ್ತಾನೆ, ಮತ್ತೆ ಹುಡುಕಲು. ತಂಗಿಯ ಬಸ್ಸು ಇನ್ನೂ ಊರ ಗಡಿಯನ್ನೂ ದಾಟಿರಲಿಕ್ಕಿಲ್ಲ.

ಅವನು ಕಾಯುತ್ತಿದ್ದ. ಅವಸರವೇ ಇಲ್ಲದವನ ಹಾಗೆ, ಮೆಟ್ಟಿಲ ಮೇಲೆ ದಿನಗಟ್ಟಲೆ ಕೂತವನ ಹಾಗೆ. ಗಂಡ ಅನ್ನುವವನಿಗೆ ಹೆಂಡತಿ ಸಿಕ್ಕಿದ್ದಳು. ಇನ್ನು ಅವನು ಬೇರೆ ಯಾರನ್ನೂ ಹುಡುಕುವುದಿಲ್ಲ. ನಾಳೆ ಆಫೀಸಿನೆದುರು ಇವನೇ, ನಾಡಿದ್ದು ಮನೆಯೆದುರು ಇವನೇ. ಅಕ್ಕ ಎಲ್ಲಿ ಕೂತು ಟೈಪ್ ಮಾಡಿದರೆ ಅಲ್ಲಿ ಇವನು. ಟೈಪ್ ಮಾಡುವುದನ್ನು ಬಿಟ್ಟ ದಿನ ಇವನು ಆ ಪುಟ್ಟಿಯನ್ನು ಹುಡುಕಿ ಹೊರಡುತ್ತಾನೆ. ಇದೆಲ್ಲ ಅವಳಿಗೆ ಒಟ್ಟಿಗೇ ಹೊಳೆಯಿತು.

ಕೌಂಟರಿನ ಮೇಲ್ವಿಚಾರಕಿ ಕಣ್ಣು ಬಿಟ್ಟು, ಗಂಡ ಹೆಂಡತಿ ಎದುರುಬದುರು ಕೂತಿದ್ದಾರೆ ಅಂದುಕೊಂಡು, ಮಾತಾಡಬೇಡಿ ಅಂತ ಸನ್ನೆ ಮಾಡಿದಳು.

ಅಕ್ಕ ಬಾಯಿ ಮುಚ್ಚಿಕೊಂಡಳು. ಸೆರಗಿನಲ್ಲಿ ಅಂಗೈ ಒರೆಸಿಕೊಂಡಳು. ಆಮೇಲೆ ಎರಡೂ ಕೈಗಳನ್ನು ಕೀಲಿಗಳ ಮೇಲಿಟ್ಟು ಬರೆಯತೊಡಗಿದಳು. ಮೇಜಿನ ಮೇಲಿನ ಫೋನು ಬೆಳಗಿತು. ಅವನು ಅದನ್ನು ನೋಡಿ ತಲೆದೂಗಿದ.